ಹಿಡಿದ ಕೈಯೇ ಬಿಡಿಸಬೇಕು

ನಮ್ಮೂರಿಗೆ ಇಸ್ತ್ರಿ ಪೆಟ್ಟಿಗೆ ಬಂದದ್ದು ಒಂದೇ ಸಲ. ಹೊಸದಾಗಿ ಬಂದ ಶಾಲೆಯ ಮಾಸ್ತರರೊಬ್ಬರು ಟ್ರಂಕಿನ ಜೊತೆಗೆ ಅದನ್ನೂ ಹೊತ್ತು ತಂದಿದ್ದರು. ಹೊಟ್ಟೆಯೊಳಗೆ ಕೆಂಡ ತುಂಬುವಂಥ ಹಿತ್ತಾಳೆಯ ಪೆಟ್ಟಿಗೆ. ಬಂದ ಮರುದಿನವೇ ಓಣಿಯವರೆಲ್ಲ ನೋಡಲಿ ಎಂದು ಕಟ್ಟೆಯ ಮೇಲೆ ಕೂತು ಬಿಳಿ ಅಂಗಿಯನ್ನು ತಿಕ್ಕತೊಡಗಿದರು. ಬೆನ್ನು ಹಸನಾಯಿತು, ತೋಳು ಹಸನಾದವು. ಎದೆಯ ಹತ್ತಿರ ಒಂದು ಸುಕ್ಕಿತ್ತು. ಅವರನ್ನು ಊರಿಗೆ ಮುಟ್ಟಿಸಲು ಬಂದಿದ್ದ ಹೆಂಡತಿ ನಮ್ಮ ಬಸ್‌ ಸ್ಟ್ಯಾಂಡಿನಲ್ಲಿ ಅವರು ತೊಟ್ಟಿದ್ದ ಆ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತು, ಅದೇ ಬಸ್ಸಿಗೆ ತಿರುಗಿ ಹೋಗಿದ್ದರು. ಆ ಸುಕ್ಕು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮಾಸ್ತರರಿಗೂ ಹಟ. ಕೆಂಡದ ಮೇಲೆ ಕೆಂಡ ಹಾಕಿ ತಿಕ್ಕಿದರು. ಬಟ್ಟೆ ಮೊದಲು ಕೆಂಪಾಯಿತು, ಆಮೇಲೆ ರೊಟ್ಟಿ ಹೊತ್ತಿದ ಹಾಗೆ ಹೊತ್ತಿ ಕಪ್ಪಾಯಿತು. ಕರಕಾದ ಬಟ್ಟೆಯ ಮೇಲೂ ಸುಕ್ಕು ಕೂತಲ್ಲೇ ಕೂತಿತ್ತು. ನಮ್ಮ ನೆರೆಮನೆಯ ತಿಪ್ಪವ್ವ ಬಾಯಿ ಸುಮ್ಮನಿಟ್ಟುಕೊಳ್ಳುವವಳಲ್ಲ. ಮಾಸ್ತರ, ನಿಮ್ಮ ಮನಿಯವರನ್ನ ಕರಸ್ರಿ, ಇಲ್ಲಿ ಹಿಡಿದ ಕೈಯೇ ಬಿಡಿಸಬೇಕು ಎಂದಳು. ಓಣಿಯೆಲ್ಲ ನಕ್ಕಿತು. ಮಾಸ್ತರರು ಆ ಪೆಟ್ಟಿಗೆಯನ್ನು ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಇಡಲು ಬಳಸಿದರು.

ನಾನೂ ನಕ್ಕಿದ್ದೆ. ಆಗ ನನ್ನ ಮಗಳು ಕಸ್ತೂರಿಗೆ ಇನ್ನೂ ಮದುವೆಯಾಗಿರಲಿಲ್ಲ.

ಹೊರಗಿನವರಿಗೆ ಇದು ವಿಚಿತ್ರ, ನಮಗೆ ಇದರಲ್ಲೇನೂ ಇಲ್ಲ. ಖಾಲಿ ಬಟ್ಟೆಯನ್ನು ಹಿಂಡಿ, ಮುದ್ದೆ ಮಾಡಿ, ಬೇಕಾದರೆ ಕಾಲಲ್ಲಿ ತುಳಿಯಿರಿ. ಆ ಸುಕ್ಕು ಬೆಳಗಾಗುವುದರೊಳಗೆ ತಾನೇ ಹೋಗುತ್ತದೆ. ಕೂತದ್ದು, ಮಲಗಿದ್ದು, ಬಾಗಿ ಕಸ ಹೊಡೆದದ್ದು, ಇವುಗಳ ಸುಕ್ಕಿಗೆ ಒಂದಿಷ್ಟು ನೀರು, ಒಂದಿಷ್ಟು ಭಾರ ಸಾಕು. ಆದರೆ ಬಟ್ಟೆಯೊಳಗೆ ಜೀವ ಇರುವಾಗ ಇನ್ನೊಬ್ಬರು ಅದನ್ನು ಮುಷ್ಟಿ ಕಟ್ಟಿ ಹಿಡಿದರೆ, ಹಿಡಿದವರೇ ಬಂದು ಅಂಗೈ ಆಡಿಸುವ ತನಕ ಆ ಸುಕ್ಕು ನಿಂತೇ ಇರುತ್ತದೆ. ಅದಕ್ಕೇ ನಮ್ಮಲ್ಲಿ ಜಗಳವಾಡಿದ ಅಣ್ಣತಮ್ಮಂದಿರು ಮರುದಿನ ಎದುರುಬದುರು ಕೂತು ಒಬ್ಬರ ಕೊರಳಪಟ್ಟಿಯನ್ನು ಇನ್ನೊಬ್ಬರು ತಿಕ್ಕಿಕೊಡುತ್ತಾರೆ. ನಿಮ್ಮ ಸುಕ್ಕನ್ನು ಇನ್ನೊಬ್ಬರ ಮೈಮೇಲೆ ಬಿಟ್ಟು ಅವರನ್ನು ಹೊಸ್ತಿಲು ದಾಟಿಸಬಾರದು, ಅದು ಮರ್ಯಾದೆಯಲ್ಲ. ತಿಪ್ಪವ್ವನ ಸೆರಗಿನ ತುದಿಯಲ್ಲಿ ನಿಂಬೆಹಣ್ಣಿನಷ್ಟು ಚಿಕ್ಕ ಮುಷ್ಟಿಯ ಸುಕ್ಕೊಂದಿದೆ. ಮೂರು ವರ್ಷದ ಮಗ ಕೊನೆಯ ಜ್ವರದಲ್ಲಿ ಹಿಡಿದದ್ದು, ಮೂವತ್ತು ವರ್ಷವಾಯಿತು. ಸೀರೆ ಹರಿದಾಗಲೆಲ್ಲ ಆ ತುಂಡನ್ನು ಕತ್ತರಿಸಿ ಹೊಸ ಸೀರೆಗೆ ಹೊಲಿದುಕೊಳ್ಳುತ್ತಾಳೆ.

ಇನ್ನೊಂದು ಮಾತು. ಅಂಗೈ ಚಾಚಿ ನೂಕಿದರೆ ಸುಕ್ಕು ಬೀಳುವುದಿಲ್ಲ. ಹಿಡಿದರೆ ಮಾತ್ರ ಬೀಳುತ್ತದೆ. ಇದನ್ನು ನಮ್ಮೂರ ಗಂಡು ಹುಡುಗರು ಮೀಸೆ ಬರುವುದಕ್ಕೆ ಮುಂಚೆಯೇ ಕಲಿತಿರುತ್ತಾರೆ.

ನನ್ನ ಹೆಸರು ನಿಂಬೆವ್ವ. ಊರವರು ಹಲಗೆಯ ನಿಂಬೆವ್ವ ಎನ್ನುತ್ತಾರೆ, ಏಕೆಂದರೆ ಬಟ್ಟೆ ತಿಕ್ಕುವ ಊರ ಹಲಗೆ ನನ್ನ ವಶದಲ್ಲಿದೆ. ನನ್ನ ಅತ್ತೆಯಿಂದ ಬಂದದ್ದು, ಅವಳಿಗೆ ಅವಳ ಅತ್ತೆಯಿಂದ. ಮಾಮೂಲಿ ಸುಕ್ಕು ತೆಗೆಯುವುದು ನನ್ನ ಕಸುಬು. ಬಟ್ಟೆಗೆ ನೀರು ಚಿಮುಕಿಸಿ, ಎರಡು ತುದಿ ಹಿಡಿದು ಫಟ್ಟೆಂದು ಝಾಡಿಸಿ, ಹಲಗೆಯ ಮೇಲೆ ಹಾಸಿ, ನಡುವಿನಿಂದ ಅಂಚಿಗೆ ಅಂಗೈ ಆಡಿಸಬೇಕು. ಒತ್ತಬಾರದು. ಒತ್ತುವವರು ಕಸುಬು ಬಾರದವರು. ದಪ್ಪ ಬಟ್ಟೆಯಾದರೆ ಬಚ್ಚಲಲ್ಲಿ ನೀರು ಕಾಯುವಾಗ ಹಂಡೆಯ ಉಗಿಗೆ ತೂಗುಹಾಕುತ್ತೇನೆ. ಧೋತರ, ರುಮಾಲುಗಳನ್ನು ಮಡಿಸಿ ಜೋಳದ ಚೀಲದ ಕೆಳಗೋ ಹಾಸಿಗೆಯ ಕೌದಿಯ ಕೆಳಗೋ ಇಟ್ಟರೆ ರಾತ್ರಿ ಕಳೆಯುವುದರೊಳಗೆ ಗಾಜಿನ ಹಾಗಾಗುತ್ತವೆ. ಕುಪ್ಪಸದ ಭುಜ ಮಾತ್ರ ಹಲಗೆಯ ಮೇಲೆ ಚಪ್ಪಟೆ ಕೂರುವುದಿಲ್ಲ. ಒಳಗೆ ಎಡಗೈ ತೂರಿಸಿ ಗುಂಡಗೆ ಎತ್ತಿ ಹಿಡಿದು ಬಲಗೈಯಿಂದ ತಿಕ್ಕಬೇಕು. ನಲವತ್ತು ವರ್ಷ ಇದನ್ನೇ ಮಾಡಿದ್ದೇನೆ. ಬಟ್ಟೆ ನೋಡಿ ಮನುಷ್ಯರ ಮನೆಯ ಒಳಗು ಹೇಳುತ್ತೇನೆ ಎಂಬ ಸೊಕ್ಕು ನನಗಿತ್ತು.

ಕಸ್ತೂರಿಯನ್ನು ಬಾಳಪ್ಪನಿಗೆ ಕೊಟ್ಟಾಗ ಊರೆಲ್ಲ ನನ್ನ ಪುಣ್ಯವನ್ನು ಹೊಗಳಿತು. ಗಾಣದ ಕಾರ್ಖಾನೆಯಲ್ಲಿ ಮೇಸ್ತ್ರಿ, ಕುಡಿತವಿಲ್ಲ, ಎತ್ತರದ ದನಿಯಿಲ್ಲ. ಮದುವೆಯಾದ ಮೇಲಂತೂ ಹೊಗಳಿಕೆ ಇನ್ನೂ ಹೆಚ್ಚಾಯಿತು. ನಮ್ಮೂರಲ್ಲಿ ಯಾವ ಹೆಂಗಸನ್ನೇ ನೋಡಿ, ಸೆರಗಿನ ಮೇಲೋ ತೋಳಿನ ಮೇಲೋ ಗಂಡನ ಕೈಯ ಸುಕ್ಕು ಒಂದಾದರೂ ಇದ್ದೇ ಇರುತ್ತದೆ; ಗಂಡಸರು ಶುಕ್ರವಾರ ಬೆಳಿಗ್ಗೆ ಬೈದುಕೊಳ್ಳುತ್ತ ಕೂತು ವಾರದ್ದನ್ನೆಲ್ಲ ಒಟ್ಟಿಗೆ ತೆಗೆಯುತ್ತಾರೆ. ಕಸ್ತೂರಿಯ ಬಟ್ಟೆಯ ಮೇಲೆ ಒಂದು ದಿನಕ್ಕೂ ಒಂದು ಸುಕ್ಕು ಕಂಡವರಿಲ್ಲ. ಹಾಲಿನ ಕೆನೆಯಂತೆ ಇರುತ್ತಿದ್ದವು. ಬಾಳಪ್ಪ ಹೆಂಡತಿಯ ಬಟ್ಟೆಯನ್ನು ದಿನಾ ಬೆಳಿಗ್ಗೆ ತಾನೇ ತಿಕ್ಕುತ್ತಾನಂತೆ ಎಂದು ಹೆಂಗಸರು ನೀರು ಸೇದುವಾಗ ಆಡಿಕೊಳ್ಳುತ್ತಿದ್ದರು. ನಾನು ಹಲಗೆಯ ಹತ್ತಿರ ಬಂದವರಿಗೆಲ್ಲ ಅದನ್ನೇ ಹೇಳಿ ಬೀಗುತ್ತಿದ್ದೆ. ಕೈಯಲ್ಲಿ ಹಿಡಿದೇ ಇಲ್ಲದವನು ದಿನಾ ಏನನ್ನು ತಿಕ್ಕುತ್ತಾನೆ ಎಂದು ಒಬ್ಬರೂ ಕೇಳಲಿಲ್ಲ. ಊರಿಗೆಲ್ಲ ಸುಕ್ಕು ಓದುವ ನಾನೂ ಕೇಳಲಿಲ್ಲ. ನನ್ನ ಬುದ್ಧಿಗೆ ಬೆಂಕಿ ಹಾಕ.

ಒಂದು ಮಧ್ಯಾಹ್ನ ಕಸ್ತೂರಿ ಬಂದಳು. ಐದು ವರ್ಷದ ಮಗಳು ಇಂದ್ರಿ ಸೊಂಟದ ಮೇಲೆ ನಿದ್ದೆ ಹೋಗಿದ್ದಳು. ನಾನು ಯಾರದೋ ಧೋತರ ಹಲಗೆಯ ಮೇಲೆ ಹಾಸಿಕೊಂಡಿದ್ದೆ. ಕೂಸನ್ನು ಕೌದಿಯ ಮೇಲೆ ಮಲಗಿಸಿ, ನೀರನ್ನೂ ಕುಡಿಯದೆ, ನಿಂತಲ್ಲೇ ಹೇಳಿದಳು.

"ಅವ್ವಾ, ನಾ ಇನ್ನ ಆ ಮನಿಗೆ ಹೋಗಂಗಿಲ್ಲ."

ಏನಾಯಿತೆಂದು ಕೇಳಿದೆ. ಹೊಡೀತಾನ ಎಂದಳು. ಎಷ್ಟು ದಿನದಿಂದ ಎಂದರೆ, ಮೊದಲಿನಿಂದ ಎಂದಳು. ನಾನು ಏನು ಮಾಡಿದೆ ಗೊತ್ತೇ? ಅವಳ ಕೈಹಿಡಿದು ಬೆಳಕಿಂಡಿಯ ಕೆಳಗೆ ಎಳೆದು ನಿಲ್ಲಿಸಿದೆ. ಸೆರಗು ಬಿಡಿಸಿ ನೋಡಿದೆ, ಬೆನ್ನು ತಿರುಗಿಸಿ ನೋಡಿದೆ, ಕುಪ್ಪಸದ ತೋಳು, ಸೀರೆಯ ನೆರಿಗೆ, ಎಲ್ಲವನ್ನೂ ಗಿರಾಕಿ ತಂದ ಬಟ್ಟೆ ನೋಡುವ ಹಾಗೆ ನೋಡಿದೆ. ಒಂದು ಸುಕ್ಕಿರಲಿಲ್ಲ.

ಎಲ್ಲಿ, ಒಂದಾದರೂ ತೋರಿಸು ಎಂದೆ.

"ಅರಿವಿ ನೋಡಬ್ಯಾಡವ್ವ," ಎಂದಳು. "ನನ್ನ ನೋಡು."

ನೋಡಲಿಲ್ಲ. ಇದು ನಮ್ಮೂರವರು ಮಾತ್ರ ಮಾಡುವ ತಪ್ಪು. ಬೇರೆ ಊರಿನ ತಾಯಿಯಾಗಿದ್ದರೆ ಮಗಳ ಮುಖ ನೋಡುತ್ತಿದ್ದಳು, ಕುಪ್ಪಸದ ಒಳಗಿನ ಬೆನ್ನು ನೋಡುತ್ತಿದ್ದಳು. ನಾನು ಬಟ್ಟೆ ನೋಡಿ ಮಗಳು ಸುಳ್ಳು ಹೇಳುತ್ತಾಳೆ ಎಂದುಕೊಂಡೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಬೇರೆ ಹೇಳಿದೆ. ಅಂಥ ಗಂಡ ಏಳು ಜನ್ಮಕ್ಕೂ ಸಿಗುವುದಿಲ್ಲ, ಊರು ನಕ್ಕೀತು, ಬಾಳಪ್ಪ ಕಾರ್ಖಾನೆಯಿಂದ ಬರುವುದರೊಳಗೆ ಮನೆ ಸೇರು ಎಂದೆ. ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. ಏಳು ಎಂದರೆ ಏಳಲಿಲ್ಲ. ಇಂದ್ರಿ ನಾಲ್ಕು ದಿನ ನಿನ್ನ ಹತ್ತಿರವೇ ಇರಲಿ ಎಂದಳು. ಅದಕ್ಕೇನು, ಇರಲಿ ಎಂದೆ. ಆಮೇಲೂ ಏಳಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಬಲಗೈಯಿಂದ ಅವಳ ಎಡಭುಜದ ಕುಪ್ಪಸ ಹಿಡಿದೆ, ಹೆಬ್ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ. ಎಬ್ಬಿಸಿ, ಹೊಸ್ತಿಲಾಚೆ ನಿಲ್ಲಿಸಿದೆ. ಹೆತ್ತ ಮಗಳನ್ನು ಹಾಗೆ ಹೊರಗೆ ಹಾಕಿದೆ. ಅವಳು ಭುಜದ ಮೇಲೆ ಬಿದ್ದ ಸುಕ್ಕನ್ನು ಒಮ್ಮೆ ನೋಡಿಕೊಂಡು, ಸೆರಗು ಹೊದ್ದು ಮುಚ್ಚಿ, ಹೊರಟಳು. ನನಗೆ ಆಗಲೇ ಮನಸ್ಸು ಕಚ್ಚಿತು. ನಿಲ್ಲೇ, ತಿಕ್ಕಿಕೊಡತೀನಿ ಎಂದು ಕೂಗಿದೆ. ನಿಲ್ಲಲಿಲ್ಲ. ಸಂಜೆಗೆ ತಾನೇ ಬಂದಾಳು, ಆಗ ತೆಗೆದರಾಯಿತು ಎಂದುಕೊಂಡು ಮತ್ತೆ ಆ ಹಾಳು ಧೋತರಕ್ಕೆ ನೀರು ಚಿಮುಕಿಸಿದೆ.

ಮರುದಿನ ಬೆಳಿಗ್ಗೆ ಕಲ್ಲುಬಾವಿಯಲ್ಲಿ ನನ್ನ ಮಗಳು ತೇಲುತ್ತಿದ್ದಳು.

ನಸುಕಿನಲ್ಲಿ ನೀರಿಗೆ ಹೋದವಳು ಜಾರಿರಬೇಕು, ನಾನು ಮಲಗಿದ್ದೆ ಎಂದು ಬಾಳಪ್ಪ ಎದೆ ಬಡಿದುಕೊಂಡು ಅತ್ತ. ಇಬ್ಬರು ಗಂಡಸರು ಅವನನ್ನು ಹಿಡಿದುಕೊಂಡಿದ್ದರು. ಹೆಂಗಸರು ಕಸ್ತೂರಿಯ ಮೈ ತೊಳೆದು, ಬೇರೆ ಸೀರೆ ಉಡಿಸಿ, ಒದ್ದೆ ಬಟ್ಟೆಯನ್ನು ನನ್ನ ಮುಂದೆ ತಂದಿಟ್ಟರು. ಸತ್ತವರ ಬಟ್ಟೆ ಹಲಗೆಯವಳ ಹತ್ತಿರ ಬರಬೇಕು. ಸತ್ತವಳು ಹಲಗೆಯವಳ ಮಗಳಾದರೂ ಪದ್ಧತಿ ಬೇರೆಯಲ್ಲ. ಸೀರೆಯಲ್ಲಿ ಏನೂ ಇರಲಿಲ್ಲ. ಕುಪ್ಪಸವನ್ನು ಬಿಡಿಸಿದರು. ಅಷ್ಟು ಹೊತ್ತು ನೀರಲ್ಲಿದ್ದರೂ ಎಡಭುಜದ ಮೇಲೆ ಹೆಬ್ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ, ಅಚ್ಚೊತ್ತಿದ ಹಾಗೆ ನಿಂತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರದೋ ಕೈ, ಎಂದಳು ಒಬ್ಬಳು. ನಾನು ಅದು ನನ್ನದು ಎಂದು ಹೇಳಬೇಕಾದದ್ದು ಆಗಲೇ. ನಾಲಿಗೆ ಏಳಲಿಲ್ಲ. ಮಗಳು ಸತ್ತ ದುಃಖ ಎಂದುಕೊಂಡರು. ದುಃಖವೂ ಹೌದು. ಹೆದರಿಕೆಯೂ ಹೌದು.

ಸತ್ತವರ ಬಟ್ಟೆಯ ಮೇಲೆ ಸುಕ್ಕು ನಿಂತಿದ್ದರೆ ಚಾವಡಿಯಲ್ಲಿ ಮೂರು ದಿನ ಹಲಗೆ ಹಾಕುತ್ತಾರೆ. ಊರಿನ ದೊಡ್ಡವರೆಲ್ಲ, ಗಂಡು ಹೆಣ್ಣೆನ್ನದೆ, ಒಬ್ಬೊಬ್ಬರಾಗಿ ಬಂದು ಅದರ ಮೇಲೆ ಅಂಗೈ ಆಡಿಸಬೇಕು. ಯಾರ ಕೈಗೆ ಸುಕ್ಕು ಹೋಗುತ್ತದೋ ಸಾವು ಅವರ ತಲೆಗೆ. ಅವರ ಎರಡೂ ಕೈಗಳನ್ನು ಗೋಣಿತಟ್ಟಿನಲ್ಲಿ ಸುತ್ತಿ, ದಬ್ಬಣದಿಂದ ಹೊಲಿದು, ಗಡಿಕಲ್ಲಿನಾಚೆ ಬಿಟ್ಟುಬರುತ್ತಾರೆ. ಮೂರನೆಯ ದಿನ ಸಂಜೆಯವರೆಗೂ ಹೋಗದಿದ್ದರೆ ಸಾವು ಯಾರದೂ ಅಲ್ಲ, ಬಟ್ಟೆಯನ್ನು ಸುಟ್ಟು ಕೈತೊಳೆದುಕೊಳ್ಳುತ್ತಾರೆ. ಹಲಗೆಯವಳ ಕೈ ಮಾತ್ರ ಲೆಕ್ಕಕ್ಕಿಲ್ಲ. ಎಲ್ಲರ ಬಟ್ಟೆಯನ್ನೂ ಮುಟ್ಟುವ ಕೈ, ಅದು ಹಲಗೆಯದೇ ಒಂದು ಭಾಗ ಎಂದು ಹಿಂದಿನವರು ಇಟ್ಟ ಕಟ್ಟಳೆ. ಹಾಗಾಗಿ ನನ್ನನ್ನು ಯಾರೂ ಕೇಳಲೇ ಇಲ್ಲ. ಎಡಗೈಯನ್ನು ಮಗಳ ಕುಪ್ಪಸದೊಳಗೆ ತೂರಿಸಿ, ಭುಜವನ್ನು ಗುಂಡಗೆ ಎತ್ತಿ ಹಿಡಿದು ಕೂತೆ.

ಮೊದಲ ಕೈ ಬಾಳಪ್ಪನದು. ತಾನೇ ಮುಂದೆ ಬಂದ. ಅವನ ಅಂಗೈ ಬಟ್ಟೆಯ ಮೇಲೆ ಬಂದಾಗ ಒಳಗಿದ್ದ ನನ್ನ ಎಡಗೈಗೆ ಅದರ ಬಿಸಿ ತಾಗಿತು. ನಡುವಿನಿಂದ ಅಂಚಿಗೆ ಹೋಯಿತು. ಒತ್ತಲಿಲ್ಲ. ಅಂಚಿನಲ್ಲಿ ಬೆರಳ ತುದಿ ಎತ್ತಿ, ಮತ್ತೆ ನಡುವಿಗೆ ಬಂದು, ಮತ್ತೆ ಅಂಚಿಗೆ. ಸುಕ್ಕು ಅಲುಗಲಿಲ್ಲ, ಅಲುಗಬೇಕಾದ ಕಾರಣವೂ ಇರಲಿಲ್ಲ. ಜನ ಅಯ್ಯೋ ಪಾಪ ಎಂದರು. ನನ್ನ ಗಮನ ಮಾತ್ರ ಆ ಕೈಯ ಮೇಲೆ ನಿಂತಿತು. ಶುಕ್ರವಾರಕ್ಕೊಮ್ಮೆ ತಿಕ್ಕುವ ಗಂಡಸರ ಕೈ ನನಗೆ ಗೊತ್ತು, ನೆಲ ಸಾರಿಸುವ ಹಾಗೆ ಒತ್ತುತ್ತಾರೆ. ಇದು ಹಾಗಿರಲಿಲ್ಲ. ಇದು ಕಸುಬಿನ ಕೈ. ನಾನು ನಲವತ್ತು ವರ್ಷದಲ್ಲಿ ಕಲಿತದ್ದನ್ನು ಅವನು ಆರು ವರ್ಷದಲ್ಲಿ ಕಲಿತಿದ್ದ. ದಿನಾ ಎಷ್ಟು ಸುಕ್ಕು ತೆಗೆದರೆ ಕೈಗೆ ಆ ಹದ ಬರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಸಾಲು ಹತ್ತಿತು. ಎರಡು ದಿನ, ನಾಲ್ಕುನೂರಕ್ಕೂ ಹೆಚ್ಚು ಕೈ. ಒರಟು ಕೈ, ನಡುಗುವ ಕೈ, ಸುಣ್ಣ ತಿಂದ ಕೈ. ತಿಪ್ಪವ್ವ ಬಂದು ತಿಕ್ಕಿ, ಅಳುತ್ತ ಹೋದಳು. ಸುಕ್ಕು ನಿಂತೇ ಇತ್ತು. ಬಾಳಪ್ಪ ಎರಡೂ ದಿನ ಹಲಗೆಯ ಪಕ್ಕ ಬಿಟ್ಟೇಳಲಿಲ್ಲ. ಬಂದ ಒಬ್ಬೊಬ್ಬ ಗಂಡಸಿನ ಅಂಗೈಯನ್ನೂ, ಅವನ ಮುಖವನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕೊಂದವನು ಸಿಗಲಿ ಎಂಬ ಸಂಕಟ ನೋಡು ಎಂದು ಜನ ಮರುಗಿದರು. ಹೆಂಗಸರು ಬಂದಾಗ ಅವನು ಎಲೆಯಡಿಕೆ ಮೆಲ್ಲುತ್ತ ಬೇರೆ ಕಡೆ ನೋಡುತ್ತಿದ್ದ. ಆಗ ನನಗೆ ಅದರ ಅರ್ಥ ಹೊಳೆಯಲಿಲ್ಲ.

ಎರಡನೆಯ ದಿನ ಸಂಜೆ ಹಲಗೆ ಹೊತ್ತು ಮನೆಗೆ ಬಂದು ಇಂದ್ರಿಗೆ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಕೊಟ್ಟೆ. ತಿನ್ನುತ್ತ ಅವಳು ನನ್ನ ಹಲಗೆಯ ಕಡೆ ಕೈ ಮಾಡಿ, ನಮ್ಮ ಮನೆಯಲ್ಲಿ ಹಲಗೆ ಇಲ್ಲ, ಅಪ್ಪ ಅವ್ವನ ಮೈಮೇಲೆಯೇ ತಿಕ್ಕುತ್ತಾನೆ ಎಂದಳು. ಹೇಗೆ ಎಂದೆ. ಬೆಳಿಗ್ಗೆ ಅಪ್ಪ ಅವ್ವನನ್ನು ಹೊರಸಿನ ಮೇಲೆ ಮಲಗಿಸುತ್ತಾನೆ, ಅವ್ವ ಅಳುತ್ತಾಳೆ, ಅಲುಗಬ್ಯಾಡ ಇನ್ನೊಂದು ಉಳಿದೈತಿ ಎನ್ನುತ್ತಾನೆ. ಇಷ್ಟನ್ನು ಹೇಳಿ ಹಾಲಿನ ಬಟ್ಟಲನ್ನು ಮುಂದೆ ಚಾಚಿದಳು. ಇನ್ನಷ್ಟು ಹಾಲು ಹಾಕಿದೆ. ಅರ್ಧ ಹಾಲು ನೆಲಕ್ಕೆ ಹೋಯಿತು.

ಕೂಸನ್ನು ತಿಪ್ಪವ್ವನ ಹತ್ತಿರ ಬಿಟ್ಟು, ಚಾವಡಿಯ ಹಿರಿಯ ಸಂಗನಬಸಪ್ಪನ ಮನೆಗೆ ಓಡಿದೆ. ಕೇಡಿಗನಲ್ಲ ಅವನು, ಊರಿಗೆ ಬೇಕಾದವನೇ. ಇಂದ್ರಿ ಹೇಳಿದ್ದನ್ನೆಲ್ಲ ನನ್ನಿಂದ ಕೇಳಿಸಿಕೊಂಡ. ಗಂಡನ ಸುಕ್ಕು ಗಂಡ ತೆಗೆದರೆ ಅದು ಅವನ ಧರ್ಮ, ಮನೆಯ ಸುಕ್ಕು ಚಾವಡಿಗೆ ಬರುವುದಿಲ್ಲ ಎಂದ. ಕೂಸಿನ ಮಾತು ಸುಳ್ಳೇ ಎಂದು ಕೇಳಿದೆ.

"ಮಾತು ನಿಲ್ಲಂಗಿಲ್ಲ, ನಿಂಬೆವ್ವ," ಎಂದ. "ಸುಕ್ಕು ನಿಂತಿರತೈತಿ. ನಾವು ನಿಂತಿದ್ದನ್ನ ನಂಬೂ ಮಂದಿ."

ಏಳುವಾಗ ಇನ್ನೊಂದು ಮಾತು ಸೇರಿಸಿದ. ನಾಳೆ ಸಂಜೆ ಸಂಬಂಧಿಕನಾಗಿ ಬಾಳಪ್ಪ ಕೊನೆಯ ಸಲ ಕೈಯಾಡಿಸಿದರೆ ಹಲಗೆ ಎತ್ತುವುದು, ಆಮೇಲೆ ಅವನು ಮಗಳನ್ನು ಕರೆದುಕೊಂಡು ಹೋಗುತ್ತಾನೆ, ಅವಳ ನಾಲ್ಕು ಅಂಗಿ ಗಂಟು ಕಟ್ಟಿಡು ಎಂದ.

ಆ ರಾತ್ರಿ ನಾನು ಇಂದ್ರಿಯ ಅಂಗಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿದೆ. ಹಸನಾಗಿದ್ದವು. ಆಮೇಲೆ ಬುದ್ಧಿ ಬಂತು. ಮಲಗಿದ್ದ ಕೂಸಿನ ಅಂಗಿಯನ್ನು ಮೆಲ್ಲಗೆ ಮೇಲೆತ್ತಿ ಬೆನ್ನು ನೋಡಿದೆ. ಎಡಗಡೆ ಪಕ್ಕೆಲುಬಿನ ಮೇಲೆ ಎರಡು ಕಡೆ ಹಳದಿಗೆ ತಿರುಗಿದ ನೀಲಿ ಕಲೆ. ಮಗಳ ಬೆನ್ನನ್ನು ನೋಡದವಳು ಮೊಮ್ಮಗಳದನ್ನು ನೋಡಿದೆ.

ನನ್ನ ಮುಂದೆ ಇದ್ದದ್ದು ಇಷ್ಟೇ. ಸುಮ್ಮನಿದ್ದರೆ ಸಾವು ಯಾರದೂ ಅಲ್ಲ, ಇಂದ್ರಿ ಅವನ ಮನೆಗೆ. ಸುಕ್ಕು ನನ್ನದು ಎಂದು ಎಲ್ಲರ ಎದುರು ಕೈಯಾಡಿಸಿದರೆ ಸಾವು ನನ್ನ ತಲೆಗೆ, ಆಗಲೂ ಇಂದ್ರಿ ಅವನ ಮನೆಗೆ. ನನ್ನ ಕೈಗೆ ಗೋಣಿ ಹೊಲಿದರೆ ನನಗೇನೂ ಅನ್ನಿಸುತ್ತಿರಲಿಲ್ಲ, ನಿಜ ಹೇಳುತ್ತೇನೆ, ಒಂದು ಲೆಕ್ಕಕ್ಕೆ ಹಗುರಾಗುತ್ತಿದ್ದೆ. ಆದರೆ ಕಸ್ತೂರಿ ಕೂಸನ್ನು ನನ್ನ ಹತ್ತಿರ ಬಿಟ್ಟುಹೋಗಿದ್ದಳು. ನಾನು ಮಗಳ ಒಂದೇ ಒಂದು ಮಾತು ಕೇಳಿದ್ದೆ, ಇಂದ್ರಿ ಇಲ್ಲೇ ಇರಲಿ ಎಂಬುದನ್ನು. ಅದನ್ನಾದರೂ ಪೂರ್ತಿ ಕೇಳಬೇಕಾಗಿತ್ತು.

ಮೂರನೆಯ ದಿನ ಸಂಜೆ ಚಾವಡಿ ತುಂಬಿತ್ತು. ಹಲಗೆ ಹಾಕಿದರು. ನಾನು ಕೂತು ಕುಪ್ಪಸ ಎತ್ತಿಕೊಂಡು, ಅವಳನ್ನು ಹಿಡಿದಿದ್ದ ಬಲಗೈಯನ್ನು ಒಳಗೆ ತೂರಿಸಿದೆ. ನಲವತ್ತು ವರ್ಷದಲ್ಲಿ ಎಂದೂ ಬಲಗೈ ಒಳಗಿಟ್ಟವಳಲ್ಲ. ಯಾರ ಕಣ್ಣಿಗೂ ಅದು ಬಿದ್ದಂತೆ ಕಾಣಲಿಲ್ಲ; ಹಲಗೆಯವಳ ಕೈಯನ್ನು ಯಾರು ನೋಡುತ್ತಾರೆ. ಒಳಗಿನಿಂದ ತಿಕ್ಕಿದರೆ ಸುಕ್ಕು ಹೋಗುತ್ತದೋ ಇಲ್ಲವೋ ನನಗೂ ತಿಳಿಯದು. ಹಾಗೆ ಮಾಡಿದವರು ಇರಲಿಲ್ಲ. ಅಂಗೈಯನ್ನು ಬಟ್ಟೆಗೆ ತಾಗದಂತೆ ಗುಳಿ ಮಾಡಿ, ಬೆರಳ ತುದಿಯಿಂದ ಮಾತ್ರ ಭುಜವನ್ನು ಎತ್ತಿ ಹಿಡಿದೆ.

ಬಾಳಪ್ಪ ಬಂದ. ಹೊಸ ಬಿಳಿ ಅಂಗಿ ಹಾಕಿಕೊಂಡಿದ್ದ. ಕಣ್ಣೊರೆಸಿಕೊಂಡು ಅಂಗೈ ಇಟ್ಟ. ಆ ಬಿಸಿ ಮತ್ತೆ ತಾಗಿತು. ಅವನ ಕೈ ನಡುವಿನಿಂದ ಅಂಚಿಗೆ ಹೊರಟಾಗ ನಾನು ಒಳಗೆ ನನ್ನ ಅಂಗೈಯನ್ನು ಬಟ್ಟೆಗೆ ಅಂಟಿಸಿ ಅವನ ಜೊತೆಗೇ ಸರಿಸಿದೆ. ಅವನೊಂದಿಗೆ ಹೆಜ್ಜೆ ಹಾಕುವುದು ಕಷ್ಟವಾಗಲಿಲ್ಲ, ಇಬ್ಬರದೂ ಒಂದೇ ಹದದ ಕೈ. ಮೇಲೆ ಅವನದು, ಕೆಳಗೆ ನನ್ನದು, ನಡುವೆ ನನ್ನ ಮಗಳ ಕುಪ್ಪಸ. ಬಟ್ಟೆಯ ಗಂಟು ಬಿಚ್ಚಿದ್ದು ನನ್ನ ಅಂಗೈಗೆ ತಿಳಿಯಿತು. ನಾಲ್ಕು ಬೆರಳು ಹೋದವು, ಆಮೇಲೆ ಹೆಬ್ಬೆರಳು ಹೋಯಿತು. ಅವನು ಕೈ ಎತ್ತಿದ. ಭುಜ ಹಾಲಿನ ಕೆನೆಯಂತಿತ್ತು.

ಸಂಗನಬಸಪ್ಪ ಬಾಗಿ ನೋಡಿದ, ಇನ್ನಿಬ್ಬರು ಹಿರಿಯರು ನೋಡಿದರು. ಬಾಳಪ್ಪ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ, ಅದು ಇನ್ನೊಬ್ಬರದೇನೋ ಎಂಬಂತೆ. ಆಮೇಲೆ ಆರು ವರ್ಷದಲ್ಲಿ ನಾವು ಯಾರೂ ಕೇಳದ ದನಿಯಲ್ಲಿ ಕೂಗಿದ.

"ಇದು ನಂದಲ್ಲ! ನಂದು ನಾ ಒಂದೂ ಬಿಟ್ಟಿಲ್ಲ, ದಿನಾ ತಗದೇನಿ! ಇದನ್ನೂ ಅವತ್ತ ರಾತ್ರಿ ತಿಕ್ಕಿ ತಿಕ್ಕಿ ನೋಡೇನಿ, ಹೋಗಲೇ ಇಲ್ಲ. ಯಾವನ ಕೈ ಇದು ಅಂತ ಕೇಳಿದೆ. ಬಾಯಿ ಬಿಡಲಿಲ್ಲ ಅಕಿ. ಬಾವಿ ತನಕಾ ಕೇಳಿಕೋತ ಹೋದೆ. ಕಟ್ಟಿ ಮ್ಯಾಲೆ ನಿಂದ್ರಿಸಿ ಕೇಳಿದೆ. ಆಗೂ ಹೇಳಲಿಲ್ಲ."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ತಿಳಿದಿರಬೇಕು. ಬಾಯಿ ತೆರೆದೇ ಇತ್ತು. ನಸುಕಿನಲ್ಲಿ ಮಲಗಿದ್ದೆ ಎಂದವನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ ಕೇಳಿದನಂತೆ. ಸಂಗನಬಸಪ್ಪ ಹಲಗೆಗೆ ಕೈ ಊರಿ ಕೂತುಬಿಟ್ಟ. ಯಾರೋ ಗೋಣಿತಟ್ಟು ತರಲು ಎದ್ದರು.

ನಾನು ಅದೊಂದನ್ನೂ ನೋಡಲಿಲ್ಲ. ಯಾವನ ಕೈ ಎಂದು ಕೇಳಿದ್ದನಂತೆ. ನಮ್ಮವ್ವನ ಕೈ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ, ತವರಿಗೆ ಯಾಕೆ ಹೋಗಿದ್ದೆ, ಏನು ಹೇಳಿದೆ ಎಂದು ಕೇಳುತ್ತಿದ್ದ. ಅಲ್ಲಿಂದ ನೆಟ್ಟಗೆ ನನ್ನ ಬಾಗಿಲಿಗೆ ಬರುತ್ತಿದ್ದ, ಕೂಸು ನನ್ನ ಮನೆಯಲ್ಲಿ ಮಲಗಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ ನನ್ನ ಮಗಳು. ಹೊರಗೆ ಹಾಕಿದ ಕೈಯನ್ನು ಬಾವಿಯ ಕಟ್ಟೆಯವರೆಗೂ ಮುಚ್ಚಿಟ್ಟುಕೊಂಡು ಹೋದಳು. ಅವನು ಗಂಡಸರ ಕೈಗಳನ್ನೇ ಯಾಕೆ ನೋಡುತ್ತಿದ್ದ ಎಂಬುದು ನನಗೆ ಆಗ ತಿಳಿಯಿತು. ನನ್ನ ಸುಕ್ಕನ್ನು ನೋಡಿ ಅವನು ಕೊಂದಿದ್ದ. ಸಂಜೆಗೆ ತೆಗೆದರಾಯಿತು ಎಂದು ನಾನು ಬಿಟ್ಟ ಸುಕ್ಕು.

ಬಾಳಪ್ಪನ ಕೈಗಳನ್ನು ಹೊಲಿದು ಗಡಿಕಲ್ಲು ದಾಟಿಸಿದರು. ದಾರಿಯುದ್ದಕ್ಕೂ ನಂದಲ್ಲ ನಂದಲ್ಲ ಎನ್ನುತ್ತಿದ್ದನಂತೆ. ಅಷ್ಟು ಜನರ ಕಣ್ಣೆದುರು ಹೋದ ಸುಕ್ಕನ್ನು ನನ್ನದಲ್ಲ ಎನ್ನುವವನ ಮಾತನ್ನು ಯಾರು ಕೇಳುತ್ತಾರೆ. ಅವನು ಹೇಳಿದ್ದು ನಿಜ, ಊರು ಮಾಡಿದ್ದು ನ್ಯಾಯ, ಎರಡರ ನಡುವೆ ನನ್ನ ಕೈ ಇತ್ತು. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇರುವ ಪಶ್ಚಾತ್ತಾಪ ಬೇರೆ.

ಎಂಟು ಹತ್ತು ದಿನ ಕಳೆದ ಮೇಲೆ ತಿಪ್ಪವ್ವ ಬಂದು ಕಟ್ಟೆಯ ಮೇಲೆ ಕೂತಳು. ಅದೂ ಇದೂ ಮಾತಾಡಿ, ನನ್ನ ಕಡೆ ನೋಡದೆ, ಮೆಲ್ಲಗೆ ಕೇಳಿದಳು.

"ಅವತ್ತ ನಿನ್ನ ಎಡಗೈಗೆ ಏನಾಗಿತ್ತ, ನಿಂಬೆವ್ವ?"

ಉಳುಕಿತ್ತು ಎಂದೆ. ಅವಳು ಸೆರಗಿನ ತುದಿಯ ಆ ಚಿಕ್ಕ ಮುಷ್ಟಿಯನ್ನು ಬೆರಳಲ್ಲಿ ಸವರಿದಳು. ಉಳುಕಿದ್ದು ಚಲೋ ಆತು ಎಂದು ಎದ್ದುಹೋದಳು. ಮತ್ತೆ ಆ ಮಾತು ಎತ್ತಿಲ್ಲ.

ಇಂದ್ರಿ ನನ್ನ ಹತ್ತಿರವೇ ಇದ್ದಾಳೆ. ಈಗ ನಾನು ಅವಳ ಅಂಗಿಯನ್ನು ನೋಡುವುದಿಲ್ಲ, ದಿನಾ ಬೆಳಿಗ್ಗೆ ಎಣ್ಣೆ ಹಚ್ಚುವ ನೆಪದಲ್ಲಿ ಬೆನ್ನು ನೋಡುತ್ತೇನೆ. ಹಟ ಮಾಡಿದರೆ ಬೈಯುತ್ತೇನೆ, ಕೈ ಮಾತ್ರ ಹಿಂದೆ ಕಟ್ಟಿಕೊಂಡು ಬೈಯುತ್ತೇನೆ. ಹೋಗ ಅತ್ತಾಗ ಎಂದು ಸಿಟ್ಟಿನಲ್ಲಿ ಅವಳು ಒಮ್ಮೊಮ್ಮೆ ನನ್ನ ಸೀರೆ ಹಿಡಿದು ಎಳೆಯುತ್ತಾಳೆ, ಆಮೇಲೆ ತಾನೇ ಬಂದು ತಿಕ್ಕಿಕೊಡುತ್ತಾಳೆ. ತಾಯಿಯನ್ನು ಕೇಳುವುದು ಕಡಿಮೆಯಾಗಿದೆ.

ಯಾರದೂ ಅಲ್ಲದ ಸಾವಾಗಿದ್ದರೆ ಕುಪ್ಪಸವನ್ನು ಸುಡುತ್ತಿದ್ದರು. ಸುಕ್ಕು ಹೋದದ್ದರಿಂದ ತಾಯಿ ಎಂದು ನನಗೆ ತಿರುಗಿ ಕೊಟ್ಟರು. ಗೂಟಕ್ಕೆ ತೂಗುಹಾಕಿದ್ದೇನೆ. ತಿಪ್ಪವ್ವನಿಗೆ ನಿಂಬೆಹಣ್ಣಿನಷ್ಟಾದರೂ ಉಳಿದಿದೆ. ನನ್ನದನ್ನು ನನ್ನ ಕೈಯಾರೆ ತೆಗೆದೆ. ಮಗಳನ್ನು ನಾನು ಕೊನೆಯ ಸಲ ಮುಟ್ಟಿದ್ದು ಅದೊಂದೇ ಕಡೆ, ಅದೂ ಹೊರಗೆ ಹಾಕಲು. ಆದರೂ ಮುಟ್ಟಿದ್ದು ಮುಟ್ಟಿದ್ದೇ. ಸಂಜೆ ಇಂದ್ರಿ ಆಡಲು ಹೋದಾಗ ಆ ಖಾಲಿ ಕುಪ್ಪಸವನ್ನು ಇಳಿಸಿಕೊಂಡು, ಎಡಭುಜದ ಮೇಲೆ, ಹೆಬ್ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ, ಕೈ ನೋಯುವಷ್ಟು ಗಟ್ಟಿಯಾಗಿ ಹಿಡಿಯುತ್ತೇನೆ. ಸುಕ್ಕು ಬೀಳುತ್ತದೆ, ಥೇಟ್ ಅವತ್ತಿನಂತೆಯೇ ಬೀಳುತ್ತದೆ. ಗೂಟಕ್ಕೆ ಹಾಕಿ ಮಲಗುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಕುಪ್ಪಸ ಹಸನಾಗಿರುತ್ತದೆ.